ಎರಡು ಗಂಟೆಗೊಮ್ಮೆ ಮಗ್ಗುಲು

ನಮ್ಮ ಮನೆಯಲ್ಲಿ ಒಂದು ಹಳೇ ಅಲಾರಂ ಗಡಿಯಾರ ಇತ್ತು. ಕೀಲಿ ಕೊಡುವಂಥದ್ದು. 2008ರ ಮಳೆಗಾಲದಿಂದ ಹೆಚ್ಚುಕಮ್ಮಿ ಒಂದೂವರೆ ವರ್ಷ ಅದು ದಿನಾ ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಹೊಡೆಯುತ್ತಿತ್ತು. ಒಂದು ಸಲ ಅಮ್ಮ ಏಳುವುದು, ಇನ್ನೊಂದು ಸಲ ನಾನು. ತಮ್ಮನನ್ನು ಎಡ ಮಗ್ಗುಲಿನಿಂದ ಬೆನ್ನ ಮೇಲೆ, ಬೆನ್ನಿನಿಂದ ಬಲ ಮಗ್ಗುಲಿಗೆ ಹೊರಳಿಸಬೇಕು. ಮೊಣಕಾಲುಗಳ ನಡುವೆ ದಿಂಬು ಇಡಬೇಕು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಬಟ್ಟೆ ಸುತ್ತಿಡಬೇಕು. ಆಮೇಲೆ ಗಡಿಯಾರದ ಸಣ್ಣ ಮುಳ್ಳನ್ನು ಮುಂದಿನ ಹೊತ್ತಿಗೆ ತಿರುಗಿಸಿ, ಕೀಲಿ ಕೊಟ್ಟು ಮಲಗಬೇಕು.

ತಮ್ಮ ಅಡಿಕೆ ಮರದಿಂದ ಬಿದ್ದಿದ್ದ. ಆಗ ಅವನಿಗೆ ಇಪ್ಪತ್ತನಾಲ್ಕು. ನಮ್ಮದು ಸಾಗರದ ಕಡೆ ಸಣ್ಣ ತೋಟ. ಆ ವರ್ಷ ಕೊಳೆ ರೋಗದ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡರು ಸಿಗಲಿಲ್ಲ. ಮಳೆ ಹೊಳವಾದ ಒಂದು ದಿನ ತಾನೇ ಹತ್ತಿದ. ಒದ್ದೆ ಮರ, ಹತ್ತಲು ಕಾಲಿಗೆ ಹಾಕಿದ ಬಳ್ಳಿಯ ತಳೆ ಜಾರಿತು. ಮಲೆನಾಡಿನವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ. ಪ್ರತಿ ಊರಿನಲ್ಲೂ ಇಂಥ ಒಂದು ಮನೆ ಇರುತ್ತದೆ.

ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಮಾಡಿದರು. ಆದರೆ ಮನೆಗೆ ಕಳಿಸುವಾಗ ಒಂದು ಮಾತು ಹೇಳಲಿಲ್ಲ: ಇವನನ್ನು ಒಂದೇ ಕಡೆ ಮಲಗಿಸಬೇಡಿ ಅಂತ. ಎರಡನೇ ವಾರ ಬೆನ್ನಿನ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಚರ್ಮ ಕೆಂಪಾಯಿತು. ಬೆವರುಸಾಲೆ ಅಂತ ಪೌಡರ್ ಹಾಕಿದೆವು. ನಾಲ್ಕನೇ ವಾರಕ್ಕೆ ಅದು ಅಂಗೈಯಗಲ ಗಾಯ. ಒಳಗೆ ಬೆಳ್ಳಗೆ ಮೂಳೆ ಕಾಣುತ್ತಿತ್ತು. ಅವನಿಗೆ ನೋವೇ ಇಲ್ಲ. ಅಲ್ಲಿ ಏನೂ ತಿಳಿಯುವುದಿಲ್ಲ ಅಲ್ವಾ. ನಮಗೆ ತಿಳಿದದ್ದು ವಾಸನೆಯಿಂದ. ರಿಟೈರ್ ಆಗಿ ನಮ್ಮೂರಿಗೆ ಬಂದಿದ್ದ ಒಬ್ಬ ನರ್ಸಮ್ಮ ಬಂದು ನೋಡಿ, ಮೊದಲು ಅಮ್ಮನನ್ನು ಕೂರಿಸಿ ನೀರು ಕುಡಿಸಿದರು. ಆಮೇಲೆ ಹೇಳಿದರು: "ಔಷಧಿಗಿಂತ ಮುಖ್ಯ ಮಗ್ಗುಲು ಬದಲಿಸೋದು. ಎರಡು ಗಂಟೆಗೊಮ್ಮೆ. ಹಗಲೂ, ರಾತ್ರಿಯೂ. ಒಂದು ಸಲವೂ ತಪ್ಪಬಾರದು."

ಗಡಿಯಾರ ಆ ಸಂಜೆಯೇ ಸಾಗರದ ಪೇಟೆಯಿಂದ ಬಂತು.

ಅಂಗವಿಕಲರ ಒಲಿಂಪಿಕ್ಸ್ ಆದ ಪ್ಯಾರಾಲಿಂಪಿಕ್ಸ್ ಹೇಗೆ ಶುರುವಾಯಿತು ಅಂತ ಬರೆಯಲು ಕೂತು ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಕ್ರೀಡಾಕೂಟದ ಹುಟ್ಟೂ ಇಲ್ಲೇ ಇದೆ. ಈ ಎರಡು ಗಂಟೆಯಲ್ಲೇ.

ನನಗೆ ಅದು ಗೊತ್ತಾಗಿದ್ದು 2012ರಲ್ಲಿ. ಸೆಪ್ಟೆಂಬರ್ ಮೊದಲ ವಾರ ಪೇಪರಿನಲ್ಲಿ ಹಾಸನ ಜಿಲ್ಲೆಯ ಗಿರೀಶ ಎನ್. ಗೌಡರ ಫೋಟೋ ಬಂದಿತ್ತು. ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದಿದ್ದರು. ಚಿನ್ನ ಗೆದ್ದ ಫಿಜಿ ದೇಶದವರು ಹಾರಿದ್ದೂ 1.74. ತಪ್ಪು ಜಿಗಿತಗಳ ಲೆಕ್ಕದಲ್ಲಿ ಚಿನ್ನ ಆ ಕಡೆ ಹೋಯಿತು. ಆ ಸಲ ಇಡೀ ದೇಶಕ್ಕೆ ಬಂದದ್ದು ಅದೊಂದೇ ಪದಕ. ತಮ್ಮ ಪೇಪರನ್ನು ಗಾಲಿ ಕುರ್ಚಿಯ ಕೈ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ: "ಅಕ್ಕ, ಒಲಿಂಪಿಕ್ಸ್ ಗೊತ್ತು. ಈ ಪ್ಯಾರಾ ಅಂದ್ರೇನು?"

ನಾನು ಶಾಲೆಯಲ್ಲಿ ಪಾಠ ಹೇಳುವವಳು. ಗೊತ್ತಿಲ್ಲ ಅಂತ ಬಿಡಲು ಮನಸ್ಸಾಗಲಿಲ್ಲ. ಹುಡುಕಿದೆ. ಈಗ ಆ ಕೂಟ ನಡೆಸುವ ಸಂಸ್ಥೆಯವರು 'ಪ್ಯಾರಾ' ಅಂದರೆ ಪಕ್ಕದಲ್ಲಿ, ಒಲಿಂಪಿಕ್ಸ್ ಜೊತೆ ಜೊತೆಗೇ ಸಾಗುವುದು ಅನ್ನುತ್ತಾರೆ. ಆದರೆ ಮೊದಲು ಆ ಹೆಸರು ಬಂದಾಗ ಅರ್ಥ ಬೇರೆ ಇತ್ತು. ಅದು ಪ್ಯಾರಾಪ್ಲೀಜಿಯಾದ ಪ್ಯಾರಾ, ಅಂದರೆ ಮೈಯ ಕೆಳಭಾಗದ ಸ್ವಾಧೀನ ಹೋಗುವುದು. ನನಗೆ ಆ ಪದ ನೋಡಿ ಕೈ ತಣ್ಣಗಾಯಿತು. ತಮ್ಮನ ಡಿಸ್ಚಾರ್ಜ್ ಕಾರ್ಡಿನ ಮೊದಲ ಸಾಲಿನಲ್ಲಿ ಡಾಕ್ಟರು ಗೀಚಿದ್ದು ಅದೇ ಪದ.

ಆಮೇಲೆ ಓದುತ್ತಾ ಹೋದೆ. ಎಲ್ಲ ದಾರಿಗಳೂ ಒಬ್ಬ ಡಾಕ್ಟರ ಹತ್ತಿರ ಹೋಗಿ ನಿಲ್ಲುತ್ತಿದ್ದವು. ಲುಡ್ವಿಗ್ ಗುಟ್‌ಮನ್.

1899ರಲ್ಲಿ ಜರ್ಮನಿಯ ಸೈಲೀಷಿಯಾದಲ್ಲಿ ಹುಟ್ಟಿದವರು. ಯೆಹೂದಿ ಮನೆತನ. ಹುಟ್ಟಿದ ಊರು ಟೋಸ್ಟ್ ಈಗ ಪೋಲೆಂಡಿನಲ್ಲಿದೆ. 1917ರಲ್ಲಿ, ಇನ್ನೂ ಹದಿನೆಂಟರ ಹುಡುಗ, ಕಲ್ಲಿದ್ದಲು ಗಣಿಗಳ ಊರಿನ ಒಂದು ಆಸ್ಪತ್ರೆಯಲ್ಲಿ ಸಹಾಯಕ್ಕೆ ನಿಂತಿದ್ದರು. ಒಬ್ಬ ಗಣಿ ಕೆಲಸಗಾರನನ್ನು ತಂದರು. ಗಟ್ಟಿಮುಟ್ಟಾದ ಆಳು, ಬೆನ್ನು ಮುರಿದಿತ್ತು. ಹುಡುಗ ಗುಟ್‌ಮನ್ ಅವನ ವಿವರವನ್ನೆಲ್ಲ ಶ್ರದ್ಧೆಯಿಂದ ಬರೆಯಲು ಹೊರಟರೆ ದೊಡ್ಡ ಡಾಕ್ಟರು ತಡೆದರು. ಅಷ್ಟೆಲ್ಲ ಬರೆಯಬೇಡ, ಕೆಲವೇ ವಾರಗಳಲ್ಲಿ ಅವನು ಸಾಯುತ್ತಾನೆ ಅಂದರು. ಹಾಗೇ ಆಯಿತು. ಐದು ವಾರಕ್ಕೆ ಅವನು ಹೋದ. ಕೊಂದದ್ದು ಮುರಿದ ಬೆನ್ನಲ್ಲ. ಮಲಗಿದಲ್ಲೇ ಆದ ಹುಣ್ಣು, ಮೂತ್ರದ ಸೋಂಕು, ಅವುಗಳಿಂದ ರಕ್ತಕ್ಕೆ ಏರಿದ ನಂಜು.

ಐದು ವಾರ. ನಮ್ಮ ತಮ್ಮನ ಗಾಯದಲ್ಲಿ ಮೂಳೆ ಕಂಡದ್ದು ನಾಲ್ಕನೇ ವಾರ. ಇದನ್ನು ಓದಿದ ದಿನ ನಾನು ಅಮ್ಮನಿಗೆ ಹೇಳಲಿಲ್ಲ.

ಆ ಕಾಲದಲ್ಲಿ ಬೆನ್ನುಹುರಿ ಕಡಿದವರ ಗತಿ ಅದೇ. ಮೊದಲ ಮಹಾಯುದ್ಧದಲ್ಲಿ ಹಾಗೆ ಗಾಯಗೊಂಡ ಸೈನಿಕರಲ್ಲಿ ನೂರಕ್ಕೆ ಎಂಬತ್ತರಷ್ಟು ಜನ ಸತ್ತರು ಅಂತ ಲೆಕ್ಕ. ಉಳಿಯುವುದಿಲ್ಲ ಅಂತ ಡಾಕ್ಟರುಗಳೇ ನಂಬಿದ್ದರಿಂದ ಉಳಿಸುವ ಕೆಲಸ ನಡೆಯುತ್ತಿರಲಿಲ್ಲ. ಒಂದು ಮೂಲೆಯ ಮಂಚ, ನೋವಿಗೆ ಮಾರ್ಫಿನ್, ಅಷ್ಟೇ.

ಗುಟ್‌ಮನ್ ಮುಂದೆ ನರರೋಗದ ದೊಡ್ಡ ಡಾಕ್ಟರಾದರು. ಬ್ರೆಸ್ಲೌ ಊರಿನಲ್ಲಿ ಹೆಸರು ಮಾಡಿದರು. 1933ರಲ್ಲಿ ನಾಜಿಗಳು ಬಂದ ಮೇಲೆ ಯೆಹೂದಿ ಡಾಕ್ಟರುಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಇರುವ ಹಾಗಿಲ್ಲ. ಅಲ್ಲಿನ ಯೆಹೂದಿ ಆಸ್ಪತ್ರೆಗೆ ಹೋದರು, ಕೊನೆಗೆ ಅದರ ಮುಖ್ಯಸ್ಥರಾದರು. 1938ರ ನವೆಂಬರ್ 9ರ ರಾತ್ರಿ ಯೆಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. ಗಂಡಸರನ್ನು ಹಿಡಿದು ಒಯ್ಯತೊಡಗಿದರು. ಗುಟ್‌ಮನ್ ತಮ್ಮ ಸಿಬ್ಬಂದಿಗೆ ಒಂದೇ ಮಾತು ಹೇಳಿದರು: ಬಾಗಿಲಿಗೆ ಬಂದವರನ್ನೆಲ್ಲ ಒಳಗೆ ಸೇರಿಸಿಕೊಳ್ಳಿ, ಏನು ಕಾಯಿಲೆ ಅಂತ ಕೇಳಬೇಡಿ. 64 ಜನ ಬಂದು ಮಲಗಿದರು. ಮಾರನೇ ದಿನ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಪೋದವರು ಬಂದರು. ಗುಟ್‌ಮನ್ ಅವರನ್ನು ಮಂಚದಿಂದ ಮಂಚಕ್ಕೆ ಕರೆದುಕೊಂಡು ಹೋಗಿ, ಒಬ್ಬೊಬ್ಬನಿಗೂ ಒಂದೊಂದು ಕಾಯಿಲೆಯ ಹೆಸರು ಹೇಳಿದರು. ಅವರಿಗೆ ಕಾಣದ ಹಾಗೆ ತಾವೇ ಮುಖ ಹಿಂಡಿ, ರೋಗಿಗಳಿಗೆ ಹೇಗೆ ನರಳಬೇಕು ಅಂತ ಸನ್ನೆಯಲ್ಲೇ ತೋರಿಸಿದರು. 64ರಲ್ಲಿ 60 ಜನ ಉಳಿದುಕೊಂಡರು.

ಇದಕ್ಕೂ ಕ್ರೀಡಾಕೂಟಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ನನಗೆ ಸಂಬಂಧ ಕಾಣುತ್ತದೆ. ಇವನು ಹೋಗುವವನೇ ಅಂತ ಉಳಿದವರು ತೀರ್ಮಾನ ಮಾಡಿದ ಮನುಷ್ಯನ ಮಂಚದ ಹತ್ತಿರ ಹೋಗಿ ನಿಲ್ಲುವುದು ಇವರ ಸ್ವಭಾವದಲ್ಲೇ ಇತ್ತು.

1939ರ ಮಾರ್ಚ್‌ನಲ್ಲಿ ಹೆಂಡತಿ, ಇಬ್ಬರು ಮಕ್ಕಳ ಜೊತೆ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಬಂದರು. ಆಕ್ಸ್‌ಫರ್ಡ್‌ನಲ್ಲಿ ಕೆಲವು ವರ್ಷ ಸಂಶೋಧನೆ ಅಂತ ಕಳೆದರು. ರೋಗಿಗಳನ್ನು ನೋಡುವ ಕೈ ಸುಮ್ನೆ ಕೂತಿತ್ತು. ಅಷ್ಟರಲ್ಲಿ ಯೂರೋಪಿನ ಮೇಲೆ ದೊಡ್ಡ ದಾಳಿಗೆ ಬ್ರಿಟನ್ ತಯಾರಿ ನಡೆಸುತ್ತಿತ್ತು. ಬೆನ್ನು ಮುರಿದ ಸೈನಿಕರು ತುಂಬಾ ಬರುತ್ತಾರೆ ಅಂತ ಸರ್ಕಾರಕ್ಕೆ ಗೊತ್ತಿತ್ತು. ಅವರಿಗಾಗಿ ಒಂದು ವಾರ್ಡ್ ನೋಡಿಕೊಳ್ಳುತ್ತೀರಾ ಅಂತ ಗುಟ್‌ಮನ್‌ರನ್ನು ಕೇಳಿದರು. ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ನನ್ನ ದಾರಿಯಲ್ಲೇ ಚಿಕಿತ್ಸೆ ಮಾಡುತ್ತೇನೆ, ಯಾರೂ ನಡುವೆ ಬರಬಾರದು. 1944ರ ಫೆಬ್ರವರಿ 1ರಂದು ವಾರ್ಡ್ ಶುರುವಾಯಿತು. ಲಂಡನ್ನಿನಿಂದ ಸುಮಾರು 60 ಕಿಲೋಮೀಟರ್ ದೂರ, ಏಲ್ಸ್‌ಬರಿ ಪಟ್ಟಣದ ಪಕ್ಕ, ಸ್ಟೋಕ್ ಮ್ಯಾಂಡೆವಿಲ್ ಅನ್ನುವ ಊರಿನ ಆಸ್ಪತ್ರೆ. ಯುದ್ಧಕಾಲದ ಗುಡಿಸಲಿನಂಥ ಕಟ್ಟಡಗಳು, ಇಪ್ಪತ್ತೈದರ ಆಸುಪಾಸು ಮಂಚ.

ಅಲ್ಲಿಗೆ ಬರುವ ಹುಡುಗರು ಬೇರೆ ಆಸ್ಪತ್ರೆಗಳಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬರುತ್ತಿದ್ದರು. ಬೆನ್ನು ಅಲ್ಲಾಡಬಾರದು ಅಂತ ಮೈಗೆಲ್ಲ ಸುತ್ತಿದ ಗಟ್ಟಿ ಪ್ಲಾಸ್ಟರ್. ಅದರ ಒಳಗೆ ಚರ್ಮ ಕೊಳೆಯುತ್ತಿತ್ತು. ಗುಟ್‌ಮನ್ ಅದನ್ನೆಲ್ಲ ಒಡೆಸಿ ಹಾಕಿದರು. ಹುಣ್ಣು ತೊಳೆದರು. ಆಮೇಲೆ ನಿಯಮ ಮಾಡಿದರು. ಪ್ರತಿ ರೋಗಿಯನ್ನೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲೂ, ರಾತ್ರಿಯೂ.

ನರ್ಸಮ್ಮ ಹೇಳಿದ ಮಾತೇ. ಪದಕ್ಕೆ ಪದ.

ಅದನ್ನು ಮಾಡಿದವರಿಗೇ ಅದರ ತೂಕ ಗೊತ್ತು. ಒಬ್ಬನನ್ನು ಹೊರಳಿಸಲು ನಾವಿಬ್ಬರು ಸೋಲುತ್ತಿದ್ದೆವು. ಸ್ವಾಧೀನ ಇಲ್ಲದ ಮೈ ಎಷ್ಟು ಭಾರ ಅಂತ ಹೇಳಿದರೆ ನಂಬುವುದಿಲ್ಲ. ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕು ಉಳಿದರೂ ಬೆಳಿಗ್ಗೆ ಚರ್ಮದ ಮೇಲೆ ಅದರ ಗೆರೆ ಇರುತ್ತಿತ್ತು. ಅಂಥದ್ದರಲ್ಲಿ ಅಲ್ಲಿ ವಾರ್ಡಿನ ತುಂಬ ಜನ. ಸಿಬ್ಬಂದಿ ಗೊಣಗಿದರಂತೆ. ಸಾಯುವವರಿಗೆ ಯಾಕೆ ಇಷ್ಟು ಕಷ್ಟ ಅಂತ. ಗುಟ್‌ಮನ್ ರಾತ್ರಿ ಹೊತ್ತು ಹೇಳದೇ ಕೇಳದೇ ವಾರ್ಡಿಗೆ ಬಂದು ನಿಲ್ಲುತ್ತಿದ್ದರು, ಮಗ್ಗುಲು ಬದಲಾಗಿದೆಯಾ ಅಂತ ನೋಡಲು. ಮೂತ್ರದ ನಳಿಕೆಯನ್ನು ಡಾಕ್ಟರುಗಳೇ ಹಾಕಬೇಕು, ಶುದ್ಧವಾಗಿ ಹಾಕಬೇಕು ಅಂತ ಹಠ ಹಿಡಿದರು. ಬಹಳ ಸಿಟ್ಟಿನ ಮನುಷ್ಯ. ಆದರೂ ರೋಗಿಗಳು ಅವರನ್ನು ಕರೆಯುತ್ತಿದ್ದದ್ದು ಪಾಪ್ಪಾ ಅಂತ. ಅಪ್ಪ ಅಂದ ಹಾಗೆ.

ಹುಣ್ಣು ಒಣಗಿದವು. ಜನ ಸಾಯುವುದು ಬಹಳ ಕಮ್ಮಿಯಾಯಿತು. ಆಗ ಹೊಸ ಪ್ರಶ್ನೆ ಎದ್ದಿತು. ಬದುಕಿ ಉಳಿದ ಇಪ್ಪತ್ತರ ಹುಡುಗ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು?

ಈ ಪ್ರಶ್ನೆಯ ಮುಂದೆ ನಾವೂ ಕೂತಿದ್ದೆವು. ತಮ್ಮನ ಗಾಯ ಮಾಯಲು ಏಳು ತಿಂಗಳು ಹಿಡಿಯಿತು. ಮಾಯ್ದ ದಿನ ಅಮ್ಮ ದೇವರಿಗೆ ಕಾಯಿ ಒಡೆಸಿದರು. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಗಾಯ ಇದ್ದಾಗ ಮನೆಯವರೆಲ್ಲ ಅದರ ಹಿಂದೆ ಓಡುತ್ತಿದ್ದೆವು. ಗಾಯ ಹೋದ ಮೇಲೆ ಅವನ ಎದುರು ಬರೀ ದಿನಗಳು.

ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಗುಟ್‌ಮನ್ ಮೊದಲು ಕೈಗೆ ಕೆಲಸ ಕೊಟ್ಟರು. ಬಡಗಿ ಕೆಲಸ, ಗಡಿಯಾರ ರಿಪೇರಿ. ಆಮೇಲೆ ಆಟ. ಒಂದು ದಿನ ಹುಲ್ಲುಹಾಸಿನ ಮೇಲೆ ಕೆಲವರು ಗಾಲಿ ಕುರ್ಚಿಯಲ್ಲಿ ಕೂತು, ಊರುಗೋಲನ್ನು ತಲೆಕೆಳಗೆ ಹಿಡಿದು ಒಂದು ಬಿಲ್ಲೆಯನ್ನು ಹೊಡೆದಾಡುತ್ತಿದ್ದರಂತೆ. ಗುಟ್‌ಮನ್ ಮತ್ತು ಹಿಲ್ ಅನ್ನುವ ಸೈನ್ಯದ ವ್ಯಾಯಾಮ ಶಿಕ್ಷಕರು ಅದನ್ನು ನೋಡಿ, ತಾವೂ ಕುರ್ಚಿ ಹತ್ತಿ ಆಡಿ ನೋಡಿದರು. ಗಾಲಿ ಕುರ್ಚಿಯ ಪೋಲೋ ಅಂತ ಅದಕ್ಕೆ ಹೆಸರಾಯಿತು. ಆದರೆ ಏಟು ಜಾಸ್ತಿ. ಸ್ಪರ್ಶ ಇಲ್ಲದ ಕಾಲಿಗೆ ಪೆಟ್ಟು ಬಿದ್ದರೂ ತಿಳಿಯುವುದಿಲ್ಲ. ಅದನ್ನು ಬಿಟ್ಟು ನೆಟ್‌ಬಾಲ್ ಹಿಡಿದರು. ಅದೇ ಮುಂದೆ ಗಾಲಿ ಕುರ್ಚಿಯ ಬಾಸ್ಕೆಟ್‌ಬಾಲ್ ಆಯಿತು.

ಆದರೆ ಎಲ್ಲಕ್ಕಿಂತ ದೊಡ್ಡದಾಗಿದ್ದು ಬಿಲ್ಲುಗಾರಿಕೆ. ಯಾಕೆ ಬಿಲ್ಲು ಅನ್ನುವುದರಲ್ಲಿ ಇಡೀ ಕಥೆಯ ತಿರುಳಿದೆ. ನಮ್ಮ ಬೆನ್ನಿನಲ್ಲಿ ಎರಡೂ ಕಡೆ ಒಂದೊಂದು ಅಗಲವಾದ ಸ್ನಾಯು ಇದೆ. ತೋಳಿನ ಬುಡದಿಂದ ಹರಡಿಕೊಂಡು ಸೊಂಟದ ತನಕ ಇಳಿಯುತ್ತದೆ. ಆದರೆ ಅದಕ್ಕೆ ನರ ಬರುವುದು ಕುತ್ತಿಗೆಯಿಂದ. ಹಾಗಾಗಿ ನಡುಬೆನ್ನು ಮುರಿದವರಲ್ಲೂ ಅದು ಸತ್ತಿರುವುದಿಲ್ಲ. ಮೇಲೆ ಜೀವ ಇರುವ ಭಾಗಕ್ಕೂ, ಕೆಳಗೆ ಸ್ವಾಧೀನ ಇಲ್ಲದ ಭಾಗಕ್ಕೂ ಅದೊಂದು ಸಂಕದ, ಅಂದರೆ ಕಾಲುಸೇತುವೆಯ ಹಾಗೆ. ಅದನ್ನು ಗಟ್ಟಿ ಮಾಡಿದರೆ ಮನುಷ್ಯ ಆಸರೆ ಇಲ್ಲದೆ ನೆಟ್ಟಗೆ ಕೂರಬಲ್ಲ. ಬಿಲ್ಲು ಎಳೆಯುವಾಗ ದುಡಿಯುವುದು ಅದೇ ಸ್ನಾಯು. ಗುಟ್‌ಮನ್‌ಗೆ ಬಿಲ್ಲು ಅಂದರೆ ಔಷಧಿ. ಇನ್ನೊಂದು ಕಾರಣವೂ ಇತ್ತು. ಬಾಣ ಬಿಡುವಾಗ ನಿಂತವನಿಗೂ ಕೂತವನಿಗೂ ಗುರಿ ಅಷ್ಟೇ ದೂರ. ಕಾಲಿದ್ದವರ ಕ್ಲಬ್ಬುಗಳ ಜೊತೆಗೇ ಸ್ಪರ್ಧೆ ಮಾಡಬಹುದು, ಗೆಲ್ಲಲೂಬಹುದು. ಹಾಗೆ ಮಾಡಿದರು ಕೂಡ.

ಫಿಸಿಯೋಥೆರಪಿಗೆ ತಮ್ಮನಿಗೆ ಹೇಳಿಕೊಟ್ಟದ್ದು ರಬ್ಬರ್ ಪಟ್ಟಿ ಎಳೆಯುವುದು. ಕಿಟಕಿಯ ಸರಳಿಗೆ ಸೈಕಲ್ ಟ್ಯೂಬ್ ಕಟ್ಟಿ ದಿನಾ ನೂರು ಸಲ ಎಳೆಯುತ್ತಿದ್ದ. ಬೇಸರ ಅಂತ ಬೈಯುತ್ತಲೇ ಎಳೆಯುತ್ತಿದ್ದ. ಬಿಲ್ಲಿನ ಕಥೆ ಓದಿದ ಮೇಲೆ ನಾನು ಅವನಿಗೆ ಹೇಳಿದೆ, ನೀನು ಎಳೆದದ್ದೂ ಅದನ್ನೇ ಕಣೋ ಅಂತ. ಅವನು ತನ್ನ ಬೆನ್ನಿಗೆ ಕೈ ಹಾಕಿ ಆ ಸ್ನಾಯುವನ್ನು ಮುಟ್ಟಿ ನೋಡಿಕೊಂಡ.

ಈಗ ಆ ದಿನಕ್ಕೆ ಬರುತ್ತೇನೆ. 1948ರ ಜುಲೈ 29, ಗುರುವಾರ.

ಆ ದಿನ ಲಂಡನ್ನಿನ ವೆಂಬ್ಲಿಯಲ್ಲಿ ಒಲಿಂಪಿಕ್ಸ್ ಶುರು. ಹನ್ನೆರಡು ವರ್ಷ ಯುದ್ಧ ಗಿದ್ಧ ಅಂತ ನಿಂತೇ ಹೋಗಿದ್ದ ಕೂಟ. ದೊರೆ ಆರನೇ ಜಾರ್ಜ್ ಉದ್ಘಾಟನೆ ಮಾಡಿದರು. ನಮಗೆಲ್ಲ ಆ ಒಲಿಂಪಿಕ್ಸ್ ನೆನಪಿರುವುದು ಹಾಕಿಯಿಂದ. ಸ್ವತಂತ್ರ ಭಾರತ ಅದೇ ವೆಂಬ್ಲಿಯಲ್ಲಿ ಬ್ರಿಟನ್ನನ್ನು 4-0 ಗೋಲುಗಳಿಂದ ಸೋಲಿಸಿ ಚಿನ್ನ ತಂದ ವರ್ಷ.

ಅದೇ ದಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಒಂದು ಸಣ್ಣ ಕಾರ್ಯಕ್ರಮ ಇತ್ತು. ರೋಗಿಗಳು ಹೊರಗೆ ಓಡಾಡಲಿ ಅಂತ ಗಾಲಿ ಕುರ್ಚಿ ಹತ್ತಿಸುವ ಹಾಗೆ ಮಾಡಿದ ಒಂದು ಬಸ್ಸನ್ನು ಆಸ್ಪತ್ರೆಗೆ ಕೊಡುವ ಕಾರ್ಯಕ್ರಮ. ಅದರ ಜೊತೆ ಬಿಲ್ಲುಗಾರಿಕೆ ಸ್ಪರ್ಧೆ. ಎರಡು ತಂಡ. ಒಂದು ಸ್ಟೋಕ್ ಮ್ಯಾಂಡೆವಿಲ್‌ನವರದ್ದು. ಇನ್ನೊಂದು ರಿಚ್‌ಮಂಡ್‌ನಲ್ಲಿ ಗಾಯಾಳು ಸೈನಿಕರಿಗಾಗಿ ಇದ್ದ ಸ್ಟಾರ್ ಆ್ಯಂಡ್ ಗಾರ್ಟರ್ ಮನೆಯವರದ್ದು. ಒಟ್ಟು ಸ್ಪರ್ಧಿಗಳು 16. ಹದಿನಾಲ್ಕು ಗಂಡಸರು, ಇಬ್ಬರು ಹೆಂಗಸರು. ಗೆದ್ದವರು ರಿಚ್‌ಮಂಡ್‌ನವರು.

ಅಷ್ಟೇ. ಪ್ಯಾರಾಲಿಂಪಿಕ್ಸ್‌ನ ಮೊದಲ ದಿನ ಅಂತ ಈಗ ಲೆಕ್ಕ ಹಿಡಿಯುವುದು ಅದನ್ನೇ. ನನಗೆ ಆ ಬಸ್ಸೂ ಮುಖ್ಯ ಅನ್ನಿಸುತ್ತದೆ. ತಮ್ಮನನ್ನು ಮೊದಲ ಸಲ ಬಸ್ಸಿನಲ್ಲಿ ಕರೆದುಕೊಂಡು ಹೋದದ್ದು 2011ರಲ್ಲಿ. ಮೂವರು ಎತ್ತಿಕೊಂಡು ಹತ್ತಿಸಿದರು. ಕುರ್ಚಿಯನ್ನು ಮಡಚಿ ಟಾಪಿನ ಮೇಲೆ ಕಟ್ಟಿದರು. ಹತ್ತಿಸಿದವರೆಲ್ಲ ಒಳ್ಳೆಯವರೇ. ಆದರೆ ಎತ್ತಿಸಿಕೊಳ್ಳುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದು ನನಗೆ ಮರೆಯುವುದಿಲ್ಲ.

ಮಾರನೇ ವರ್ಷ ಆರು ಆಸ್ಪತ್ರೆಗಳಿಂದ 37 ಜನ ಬಂದರು. ಆಗಲೇ ಗುಟ್‌ಮನ್ ಎಲ್ಲರೆದುರು ಹೇಳಿದ್ದರು, ಇದು ಒಂದು ದಿನ ಅಂಗವಿಕಲರ ಒಲಿಂಪಿಕ್ಸ್ ಆಗಬೇಕು ಅಂತ. ಬಿಲ್ಲು ಹಿಡಿದವರು ಐವತ್ತು ಜನವೂ ಇಲ್ಲ, ಆಟ ಆಸ್ಪತ್ರೆಯ ಅಂಗಳದಲ್ಲಿ. ಆ ಹೊತ್ತಿನಲ್ಲಿ ಆ ಮಾತು ಆಡಲು ಎಂಥ ನಂಬಿಕೆ ಬೇಕು ಯೋಚಿಸಿ. 1952ರಲ್ಲಿ ನೆದರ್ಲೆಂಡ್ಸ್‌ನ ಮಾಜಿ ಸೈನಿಕರು ಸಮುದ್ರ ದಾಟಿ ಬಂದರು. ಅಲ್ಲಿಂದ ಅದು ದೇಶದೇಶಗಳ ಕೂಟ. ಆ ವರ್ಷ 130 ಸ್ಪರ್ಧಿಗಳು. 1956ರಲ್ಲಿ ಒಲಿಂಪಿಕ್ಸ್ ಸಮಿತಿಯೇ ಸ್ಟೋಕ್ ಮ್ಯಾಂಡೆವಿಲ್ ಕೂಟಕ್ಕೆ ಫರ್ನ್‌ಲಿ ಕಪ್ ಕೊಟ್ಟು ಗೌರವಿಸಿತು.

ಆಮೇಲೆ ರೋಮ್, 1960. ಒಲಿಂಪಿಕ್ಸ್ ಮುಗಿದು ಒಂದು ವಾರಕ್ಕೆ, ಸೆಪ್ಟೆಂಬರ್ 18ರಂದು, ಅದೇ ಊರಿನಲ್ಲಿ. ಇಟಲಿಯ ಡಾಕ್ಟರ್ ಆಂಟೋನಿಯೋ ಮಾಲ್ಯೋ ಅಲ್ಲಿ ಬೆನ್ನುಹುರಿ ಗಾಯಾಳುಗಳಿಗಾಗಿ ಇದೇ ರೀತಿ ದುಡಿಯುತ್ತಿದ್ದವರು, ಅವರು ಜೊತೆಗೂಡಿದರು. 23 ದೇಶ, 400 ಸ್ಪರ್ಧಿಗಳು. ಈಗ ಇದನ್ನೇ ಮೊದಲ ಪ್ಯಾರಾಲಿಂಪಿಕ್ಸ್ ಅನ್ನುತ್ತಾರೆ. ಎಲ್ಲ ಗಾಲಿ ಕುರ್ಚಿಯವರೇ. ಆದರೆ ಇಳಿದುಕೊಳ್ಳಲು ಕೊಟ್ಟ ಕಟ್ಟಡಗಳು ಕಂಬದ ಮೇಲೆ ನಿಂತವು, ಹತ್ತಲು ಮೆಟ್ಟಿಲು. ಇಟಲಿಯ ಸೈನಿಕರು ದಿನಾ ಸ್ಪರ್ಧಿಗಳನ್ನು ಎತ್ತಿ ಹತ್ತಿಸಿ ಇಳಿಸಿದರು.

ಅಲ್ಲಿನ ಒಬ್ಬಾಕೆಯ ಕಥೆ ನನಗೆ ತುಂಬಾ ಇಷ್ಟ. ಮಾರ್ಗರೆಟ್ ಮಾನ್. ಶಿಕ್ಷಕಿ. 1959ರಲ್ಲಿ ಆಫ್ರಿಕಾದ ನ್ಯಾಸಾಲ್ಯಾಂಡ್‌ನಲ್ಲಿ, ಈಗಿನ ಮಲಾವಿಯಲ್ಲಿ, ಕಾರು ಅಪಘಾತವಾಗಿ ಬೆನ್ನು ಮುರಿಯಿತು. ಸ್ಟೋಕ್ ಮ್ಯಾಂಡೆವಿಲ್‌ಗೆ ಬಂದರು. ಅಲ್ಲಿ ಬಿಲ್ಲು ಹಿಡಿದರು. ಮರುವರ್ಷವೇ ರೋಮ್‌ನಲ್ಲಿ ಸ್ಪರ್ಧೆ. ತಮ್ಮ ಸರದಿ ಮುಗಿಸಿ ಹಿಂದಿರುಗಲು ಬಸ್ಸಿನಲ್ಲಿ ಕೂತಿದ್ದರು. ಯಾರೋ ಹುಡುಕಿಕೊಂಡು ಬಂದರು. ಇಳಿಯಿರಿ, ನೀವು ಗೆದ್ದಿದ್ದೀರಿ! ಬ್ರಿಟನ್ನಿನ ಮೊದಲ ಪ್ಯಾರಾಲಿಂಪಿಕ್ ಚಿನ್ನ ಅದು. ಐವತ್ತೆರಡು ವರ್ಷದ ಮೇಲೆ, 2012ರ ಲಂಡನ್ ಕೂಟದಲ್ಲಿ, ಜ್ಯೋತಿ ಹೊತ್ತಿಸಿದವರು ಅವರೇ. ಅದೇ ಕೂಟದಲ್ಲಿ ನಮ್ಮ ಗಿರೀಶರು ಬೆಳ್ಳಿ ಗೆದ್ದದ್ದು. ಆ ಕೂಟದ ಲಾಂಛನ ಗೊಂಬೆಯ ಹೆಸರೂ ಮ್ಯಾಂಡೆವಿಲ್.

ಆಮೇಲಿನದನ್ನು ಬೇಗ ಹೇಳುತ್ತೇನೆ. 1964 ಟೋಕಿಯೋ. 1968ರಲ್ಲಿ ಮೆಕ್ಸಿಕೋ ಒಲ್ಲೆ ಅಂದಿತು, ಟೆಲ್ ಅವೀವ್‌ನಲ್ಲಿ ನಡೆಯಿತು. ಭಾರತ ಮೊದಲ ಸಲ ಹೋದದ್ದು ಆಗಲೇ. ಕೈಕಾಲು ಕಳೆದುಕೊಂಡವರು, ಕಣ್ಣು ಕಾಣದವರು ಸೇರಿದ್ದು 1976ರ ಟೊರಾಂಟೋದಲ್ಲಿ. ಒಲಿಂಪಿಕ್ಸ್‌ನ ಮೈದಾನಗಳಲ್ಲೇ ಇವರ ಕೂಟವೂ ನಡೆಯುವುದು ಪದ್ಧತಿಯಾಗಿದ್ದು 1988ರ ಸೋಲ್‌ನಿಂದ. ಗುಟ್‌ಮನ್ ಅದನ್ನು ನೋಡಲಿಲ್ಲ. 1980ರ ಮಾರ್ಚ್ 18ರಂದು ತೀರಿಕೊಂಡರು. ಬೆಂಗಳೂರಿನ ಮಾಲತಿ ಕೃಷ್ಣಮೂರ್ತಿ ಹೊಳ್ಳ ಆ ಸೋಲ್ ಕೂಟಕ್ಕೆ ಹೋಗಿದ್ದರು. ಒಂದು ವರ್ಷದ ಮಗುವಾಗಿದ್ದಾಗ ಪೋಲಿಯೋ ತಗುಲಿದ ಅವರಿಗೆ ಮುಂದೆ ಅರ್ಜುನ, ಪದ್ಮಶ್ರೀ ಎರಡೂ ಬಂದವು. ಅವರ ಬಗ್ಗೆ ಬೇರೆಯೇ ಬರೆಯಬೇಕು.

ಒಬ್ಬರ ವಿಷಯ ಮಾತ್ರ ಬಿಡಲಾರೆ. 2008ರ ಆಗಸ್ಟ್‌ನಲ್ಲಿ, ತಮ್ಮ ಮಂಚ ಹಿಡಿದು ಎರಡು ತಿಂಗಳೂ ಆಗಿರಲಿಲ್ಲ, ಟಿವಿಯಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ಸ್ ಚಿನ್ನ ಗೆದ್ದದ್ದು ಬಂತು. ಒಬ್ಬನೇ ಆಡುವ ಆಟದಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ಸ್ ಚಿನ್ನ. ಅಪ್ಪ ಖುಷಿಯಿಂದ ಟಿವಿ ಜೋರು ಮಾಡಿದರು, ಆಮೇಲೆ ಮಗನ ಮುಖ ನೋಡಿ ಸಣ್ಣ ಮಾಡಿದರು. ಮುರಳೀಕಾಂತ್ ಪೇಟ್ಕರ್ ಅನ್ನುವವರ ಹೆಸರು ಆಗ ನಮಗೆ ಗೊತ್ತಿದ್ದರೆ! ಮಹಾರಾಷ್ಟ್ರದ ಸಾಂಗ್ಲಿ ಕಡೆಯವರು. ಸೈನ್ಯದಲ್ಲಿ ಬಾಕ್ಸಿಂಗ್ ಆಡುತ್ತಿದ್ದವರು. 1965ರ ಯುದ್ಧದಲ್ಲಿ ಗುಂಡುಗಳು ಹೊಕ್ಕು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಚಿಕಿತ್ಸೆ ಅಂತ ನೀರಿಗಿಳಿಸಿದರು, ಈಜು ಕಲಿತರು. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ತಂದರು. ಬಿಂದ್ರಾಗಿಂತ ಮೂವತ್ತಾರು ವರ್ಷ ಮೊದಲು. ಸರ್ಕಾರ ಪದ್ಮಶ್ರೀ ಕೊಟ್ಟದ್ದು 2018ರಲ್ಲಿ. ನನ್ನ ಶಾಲೆಯ ಮಕ್ಕಳಿಗೆ ನಾನು ಪ್ರತಿ ವರ್ಷ ಈ ಹೆಸರನ್ನು ಬೋರ್ಡಿನ ಮೇಲೆ ಬರೆಸುತ್ತೇನೆ. ಯುದ್ಧದ ಗಾಯ, ಚಿಕಿತ್ಸೆಗೆ ಅಂತ ಆಟ, ಆಟದಿಂದ ಪದಕ. ಸ್ಟೋಕ್ ಮ್ಯಾಂಡೆವಿಲ್‌ನ ದಾರಿಯೇ.

ತಮ್ಮ ಯಾವ ಆಟಕ್ಕೂ ಹೋಗಲಿಲ್ಲ. ಅದು ಅವನ ಇಷ್ಟ. ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹಾಸಿಗೆಯ ಮೇಲೆ ಜಂತಿಯಿಂದ ಒಂದು ಹಗ್ಗ ಇಳಿಬಿಟ್ಟಿದ್ದೇವೆ. ಅದನ್ನು ಹಿಡಿದು ತಾನೇ ಮಗ್ಗುಲಾಗುತ್ತಾನೆ, ತಾನೇ ಕುರ್ಚಿಗೆ ದಾಟುತ್ತಾನೆ. ಅಂಗಡಿಯಲ್ಲಿ ಕೂತಿದ್ದಾಗ ಆಗಾಗ ಎರಡೂ ಕೈ ಊರಿ ಮೈಯನ್ನು ಕುರ್ಚಿಯಿಂದ ಮೇಲೆತ್ತುತ್ತಾನೆ, ಕೂತಲ್ಲಿ ಹುಣ್ಣಾಗದ ಹಾಗೆ. ಗಿರಾಕಿಗಳ ಜೊತೆ ಮಾತಾಡುತ್ತಲೇ ಎತ್ತುತ್ತಾನೆ. ನೋಡಿದವರಿಗೆ ಗೊತ್ತೂ ಆಗುವುದಿಲ್ಲ.

2024ರ ಆಗಸ್ಟ್ 24ರಂದು ಪ್ಯಾರಿಸ್ ಕೂಟದ ಜ್ಯೋತಿ ಹೊತ್ತಿಸಿದ್ದು ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ. ಒಲಿಂಪಿಕ್ಸ್‌ಗೆ ಗ್ರೀಸಿನ ಒಲಿಂಪಿಯಾ ಹೇಗೋ, ಇದಕ್ಕೆ ಆ ಆಸ್ಪತ್ರೆಯ ಊರು. ಆ ರಾತ್ರಿ ಇಬ್ಬರೂ ಅವನ ಫೋನಿನಲ್ಲಿ ಅದನ್ನು ನೋಡಿದೆವು. ಆ ಕೂಟದಲ್ಲಿ ಭಾರತಕ್ಕೆ 29 ಪದಕ ಬಂತು. ನಮ್ಮ ಮನೆಯಲ್ಲಿ ಕಾದು ನೋಡಿದ್ದು ಬಿಲ್ಲುಗಾರಿಕೆಯನ್ನು. ಸೆಪ್ಟೆಂಬರ್ 4ರಂದು ಹರಿಯಾಣದ ಹರ್‌ವಿಂದರ್ ಸಿಂಗ್ ಚಿನ್ನ ಗೆದ್ದರು. ಬಿಲ್ಲಿನಲ್ಲಿ ಭಾರತದ ಮೊದಲ ಚಿನ್ನ. ಅದಕ್ಕೆ ಎರಡು ದಿನ ಮೊದಲು ಶೀತಲ್ ದೇವಿ ಮತ್ತು ರಾಕೇಶ್ ಕುಮಾರ್ ಜೋಡಿಗೆ ಕಂಚು. ಶೀತಲ್‌ಗೆ ತೋಳುಗಳೇ ಇಲ್ಲ, ಕಾಲಿನಲ್ಲಿ ಬಿಲ್ಲು ಹಿಡಿಯುತ್ತಾಳೆ, ಆಗ ಹದಿನೇಳು ವರ್ಷದ ಹುಡುಗಿ. ರಾಕೇಶ್ ಗಾಲಿ ಕುರ್ಚಿಯಲ್ಲಿ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು. ತಮ್ಮ ಅವರ ಬೆನ್ನನ್ನೇ ನೋಡುತ್ತಿದ್ದ.

ಆ ತಿಂಗಳ ಕೊನೆಗೆ ಪಕ್ಕದ ಊರಿನಿಂದ ಒಬ್ಬ ತಾಯಿ ಹುಡುಕಿಕೊಂಡು ಬಂದರು. ಹತ್ತೊಂಬತ್ತರ ಮಗ, ಮರದಿಂದ ಬಿದ್ದು ಮೂರು ವಾರ. ನಾವು ಆಟೋ ಮಾಡಿಕೊಂಡು ಹೋದೆವು. ಹುಡುಗನನ್ನು ಹೊರಳಿಸಿ ನೋಡಿದೆ. ಬೆನ್ನಿನ ಕೆಳಗೆ ನಾಣ್ಯದಷ್ಟು ಕೆಂಪು, ಚರ್ಮ ಇನ್ನೂ ಒಡೆದಿರಲಿಲ್ಲ. ದಿಂಬು ಎಲ್ಲಿ ಇಡಬೇಕು, ಬಟ್ಟೆಯ ಸುಕ್ಕು ಹೇಗೆ ಬಿಡಿಸಬೇಕು, ಎಲ್ಲ ತೋರಿಸಿದೆ. ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಹತ್ತು, ಎಡ. ಹನ್ನೆರಡು, ಬೆನ್ನು. ಎರಡು, ಬಲ. ತಮ್ಮ ಹುಡುಗನ ಮಂಚದ ಪಕ್ಕ ಕುರ್ಚಿ ತಂದು, ಫೋನಿನಲ್ಲಿ ರಾಕೇಶ್ ಬಾಣ ಬಿಡುವ ವಿಡಿಯೋ ತೋರಿಸಿದ. ಹುಡುಗ ಮಾತಾಡಲಿಲ್ಲ. ಮುಗಿದ ಮೇಲೆ ಇನ್ನೊಂದು ಸಲ ಹಾಕಿ ಅಂದ.

ಹಳೇ ಗಡಿಯಾರವನ್ನು ತಮ್ಮ ಚೀಲದಲ್ಲಿ ತಂದಿದ್ದ. ಫೋನಿನಲ್ಲೇ ಅಲಾರಂ ಇದೆಯಲ್ಲ ಅಂತ ಆ ತಾಯಿ ಅಂದರು. ಮಳೆಗಾಲ, ಕರೆಂಟು ಹೋದರೆ ಚಾರ್ಜ್ ಇರಲ್ಲ, ಇದಿರಲಿ ಅಂತ ತಮ್ಮ ಅದನ್ನು ಅವರ ಕೈಗೆ ಕೊಟ್ಟ. ಕೀಲಿ ಹತ್ತು ಸುತ್ತು ಕೊಡಿ, ಜಾಸ್ತಿ ಬಿಗಿಯಬೇಡಿ, ಸಣ್ಣ ಮುಳ್ಳು ಸ್ವಲ್ಪ ಸಡಿಲ ಇದೆ ಅಂತ ತಿರುಗಿಸಿ ತೋರಿಸಿದ.